ಎಂಜಿನಿಯರಿಂಗ್‌ನಿಂದ ಪೇಟೆಂಟ್ ಕಾನೂನಿಗೆ: ದಾರಿ, ಪರೀಕ್ಷೆ, ಕಸುಬು

ಭಾರತದಲ್ಲಿ ಪೇಟೆಂಟ್ ಏಜೆಂಟ್ ಆಗಲು ಎಲ್‌ಎಲ್‌ಬಿ ಬೇಕಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು. 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಅರ್ಜಿದಾರರು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ಮೇಲಿನ ಪದವಿಗಳಲ್ಲಿ ಒಂದಿರಬೇಕು, ಪೇಟೆಂಟ್ ಕಚೇರಿಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಅದೇ ಕಚೇರಿಯಲ್ಲಿ ಒಟ್ಟು ಹತ್ತು ವರ್ಷ ಪರೀಕ್ಷಕರಾಗಿ ಅಥವಾ ನಿಯಂತ್ರಕರಾಗಿ ದುಡಿದು ಹೊರಬಂದವರಿಗೆ ಮಾತ್ರ ಪರೀಕ್ಷೆಯಿಂದ ವಿನಾಯಿತಿ ಉಂಟು. ಬಿಎ ನಂತರ ಕಾನೂನು ಓದಿ ಹೆಸರು ಮಾಡಿದ ವಕೀಲರಿಗೂ ತೆರೆಯದ ಈ ಬಾಗಿಲು, ಬಿಇ ಮುಗಿಸಿದ ಯುವತಿಗೆ ಒಂದೇ ಪರೀಕ್ಷೆಯ ದೂರದಲ್ಲಿದೆ. ವೃತ್ತಿ ಬದಲಿಸುವ ಯೋಚನೆಯಲ್ಲಿರುವ ಎಷ್ಟೋ ಎಂಜಿನಿಯರುಗಳಿಗೆ ಈ ಸಂಗತಿಯೇ ಗೊತ್ತಿರುವುದಿಲ್ಲ. ಮೂರು ವರ್ಷ ಲಾ ಕಾಲೇಜಿಗೆ ಹೋಗಬೇಕಲ್ಲ ಎಂದು ಅಲ್ಲಿಗೇ ಕೈಬಿಡುತ್ತಾರೆ.

ಎಂಜಿನಿಯರುಗಳಿಗೂ ಈ ಕಸುಬಿಗೂ ಇರುವ ನಂಟು ಹಳೆಯದು. ಭಾರತದ ಮೊದಲ ಪೇಟೆಂಟ್ ಕಾನೂನು ಬಂದದ್ದು 1856ರಲ್ಲಿ. ಆ ವರ್ಷ ಮಾರ್ಚ್ 3ರಂದು ಮೊದಲ ಅರ್ಜಿ ಹಾಕಿದವರು ಕಲ್ಕತ್ತೆಯ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್. ಅವರ ಆವಿಷ್ಕಾರ, ತೂಗುಪಂಖ ಎಳೆಯುವ ಯಂತ್ರ. ಅವರ ಹೆಸರಿನ ಪೇಟೆಂಟ್ ಸಂಸ್ಥೆ ಇಂದಿಗೂ ಚೆನ್ನೈಯಲ್ಲಿ ಇದೇ ಕೆಲಸ ಮಾಡುತ್ತಿದೆ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳಿಗೆ ಎಂ. ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದಿದ್ದರು.

ಏಜೆಂಟ್ ಯಾರು, ವಕೀಲರು ಯಾರು

ಕೆಲಸದ ಜಾಹೀರಾತುಗಳಲ್ಲಿ ‘ಪೇಟೆಂಟ್ ಅಟಾರ್ನಿ’ ಎಂಬ ಹುದ್ದೆ ಕಾಣುತ್ತದೆ. ಭಾರತದ ಕಾಯ್ದೆಯಲ್ಲಿ ಆ ಹೆಸರಿನ ಸ್ಥಾನವಿಲ್ಲ. ಕಾಯ್ದೆ ಗುರುತಿಸುವುದು ಪೇಟೆಂಟ್ ಏಜೆಂಟರನ್ನು. ಅರ್ಜಿ ಸಿದ್ಧಪಡಿಸುವುದು, ಸಲ್ಲಿಸುವುದು, ಕಚೇರಿಯ ಆಕ್ಷೇಪಗಳಿಗೆ ಉತ್ತರಿಸುವುದು, ನಿಯಂತ್ರಕರ ಮುಂದೆ ವಿಚಾರಣೆಗೆ ಹಾಜರಾಗುವುದು, ಇವೆಲ್ಲ 127ನೇ ಸೆಕ್ಷನ್ ಅವರಿಗೆ ಕೊಟ್ಟ ಹಕ್ಕು. ನಿಯಂತ್ರಕರ ತೀರ್ಪಿನ ಮೇಲೆ ಮೇಲ್ಮನವಿ ಹೋಗುವುದು ಹೈಕೋರ್ಟಿಗೆ. ಮೊದಲು ಇಂಥ ಮೇಲ್ಮನವಿಗಳನ್ನು ಕೇಳುತ್ತಿದ್ದ ಮಂಡಳಿಯನ್ನು 2021ರಲ್ಲಿ ರದ್ದು ಮಾಡಲಾಯಿತು. ಹೈಕೋರ್ಟಿನಲ್ಲಿ ವಾದಿಸಲು, ಪೇಟೆಂಟ್ ಉಲ್ಲಂಘನೆಯ ದಾವೆ ನಡೆಸಲು ವಕೀಲಿ ಸನ್ನದು ಬೇಕು. ಹಾಗಾಗಿ ಎಂಜಿನಿಯರ್ ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆವಿಷ್ಕಾರವನ್ನು ಕಾಗದಕ್ಕೆ ಇಳಿಸುವ ಕೆಲಸ ಬೇಕೋ, ಅದರ ಪರ ಕೋರ್ಟಿನಲ್ಲಿ ನಿಲ್ಲುವ ಕೆಲಸ ಬೇಕೋ? ಮೊದಲನೆಯದಕ್ಕೆ ಏಜೆಂಟ್ ಪರೀಕ್ಷೆ ಸಾಕು. ಎರಡನೆಯದಕ್ಕೆ ಎಲ್‌ಎಲ್‌ಬಿ ಅನಿವಾರ್ಯ. ಬಹಳಷ್ಟು ಮಂದಿ ಮೊದಲನೆಯದರಿಂದ ಶುರುಮಾಡಿ, ರುಚಿ ಹತ್ತಿದ ಮೇಲೆ ಎರಡನೆಯದಕ್ಕೆ ಹೋಗುತ್ತಾರೆ. ಈ ಕ್ರಮವೇ ಒಳ್ಳೆಯದು.

ಒಂದು ದೋಟಿಯ ಕ್ಲೇಮು

ಪೇಟೆಂಟ್ ಅರ್ಜಿಯ ಜೀವ ಇರುವುದು ಕ್ಲೇಮಿನಲ್ಲಿ. ಆವಿಷ್ಕಾರದ ವಿವರಣೆ ಹತ್ತಾರು ಪುಟ ಇರಬಹುದು. ಕಾನೂನು ಕಾಪಾಡುವುದು ಕೊನೆಯಲ್ಲಿ ಅಂಕಿ ಹಾಕಿ ಬರೆದ ಆ ಕೆಲವು ವಾಕ್ಯಗಳನ್ನು ಮಾತ್ರ. ಹೊಲಕ್ಕೆ ಬೇಲಿ ಹೇಗೋ ಆವಿಷ್ಕಾರಕ್ಕೆ ಕ್ಲೇಮು ಹಾಗೆ. ಬೇಲಿಯನ್ನು ತೀರ ಒಳಗೆ ಹಾಕಿದರೆ ಸ್ವಂತ ಜಾಗ ಬಿಟ್ಟುಕೊಟ್ಟಂತೆ. ಹೊರಗೆ ಹಾಕಿದರೆ ಪಕ್ಕದವರ ಜಾಗ ಒತ್ತಿದಂತೆ.

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಈಗ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನೇ ತೆಗೆದುಕೊಳ್ಳಬಹುದು. ನೆಲದ ಮೇಲೆ ನಿಂತೇ ಗೊನೆ ಇಳಿಸಲು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಇದು ನೆರವಾಗುತ್ತದೆ. ಒಬ್ಬ ಎಂಜಿನಿಯರ್ ಇದಕ್ಕೊಂದು ಸುಧಾರಣೆ ಕಂಡುಹಿಡಿದರು ಎಂದಿಟ್ಟುಕೊಳ್ಳೋಣ: ಹಿಡಿಯ ಹತ್ತಿರವಿರುವ ಒಂದೇ ಸನ್ನೆ ಒತ್ತಿದರೆ ದೋಟಿಯ ಎಲ್ಲ ಕೂಡಿಕೆಗಳೂ ಒಮ್ಮೆಗೇ ಸಡಿಲವಾಗಿ, ಉದ್ದ ತಗ್ಗಿಸಬಹುದು. ಅವರು ಅದನ್ನು ವಿವರಿಸುವ ರೀತಿ ಹೀಗಿರುತ್ತದೆ: ‘ಒಂದರೊಳಗೊಂದು ಸೇರುವ ಐದು ಕಾರ್ಬನ್ ಫೈಬರ್ ಕೊಳವೆಗಳು, ಪ್ರತಿ ಕೂಡಿಕೆಗೂ ತಿರುಪಿನ ಕಾಲರು, ಕಾಲರನ್ನು ಎಳೆಯುವ ಸ್ಟೀಲ್ ತಂತಿ, ಹಿಡಿಯ ಬಳಿ ಸನ್ನೆ.’ ಎಂಜಿನಿಯರಿಂಗ್ ವರದಿಗೆ ಇದು ಚೆನ್ನಾಗಿದೆ. ಕ್ಲೇಮಾಗಿ ಇದು ದುರ್ಬಲ. ಪ್ರತಿಸ್ಪರ್ಧಿ ನಾಲ್ಕೇ ಕೊಳವೆ ಹಾಕಿದರೆ ಬೇಲಿಯ ಹೊರಗೆ. ಅಲ್ಯೂಮಿನಿಯಂ ಬಳಸಿದರೂ ಹೊರಗೆ, ತಿರುಪಿನ ಬದಲು ಕ್ಲಿಪ್ ಹಾಕಿದರೂ ಹೊರಗೆ.

ಅನುಭವಿ ಏಜೆಂಟ್ ಒಂದೊಂದು ಪದವನ್ನೂ ಹಿಡಿದು ಕೇಳುತ್ತಾರೆ: ಇದು ಇಲ್ಲದಿದ್ದರೆ ಆವಿಷ್ಕಾರ ಕೆಲಸ ಮಾಡುವುದಿಲ್ಲವೇ? ಕಾರ್ಬನ್ ಫೈಬರ್ ಇಲ್ಲದಿದ್ದರೂ ನಡೆಯುತ್ತದೆ, ತೆಗೆಯಿರಿ. ಕಾಲರಿನ ಬದಲು ‘ಕೂಡಿಕೆಯನ್ನು ಬಿಗಿಹಿಡಿಯುವ ಬೀಗ’ ಎನ್ನಿ. ಐದು ಕೊಳವೆ ಬೇಕಿಲ್ಲ. ಹಾಗಾದರೆ ‘ಕನಿಷ್ಠ ಎರಡು’ ಎನ್ನಬಹುದೇ? ಎರಡು ಕೊಳವೆಗೆ ಇರುವುದು ಒಂದೇ ಕೂಡಿಕೆ. ‘ಎಲ್ಲವನ್ನೂ ಒಮ್ಮೆಗೇ ಸಡಿಲಿಸುವ’ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರುವುದಿಲ್ಲ. ಮೇಲಾಗಿ ಒಂದೇ ಕೂಡಿಕೆಯ, ಹಿಂಡಿದರೆ ಸಡಿಲವಾಗುವ ಕೋಲುಗಳು ಕೊಡೆಯಿಂದ ಹಿಡಿದು ಕ್ಯಾಮೆರಾ ಸ್ಟ್ಯಾಂಡಿನವರೆಗೆ ಜಗತ್ತಿನ ತುಂಬ ಇವೆ. ಕಚೇರಿಯ ಪರೀಕ್ಷಕರು ಅವುಗಳಲ್ಲಿ ಒಂದನ್ನು ತೋರಿಸಿದರೆ ಹೊಸತನವೇ ಬಿದ್ದುಹೋಗುತ್ತದೆ. ಆದ್ದರಿಂದ ‘ಕನಿಷ್ಠ ಮೂರು ಕೊಳವೆಗಳು, ಅವುಗಳ ನಡುವಿನ ಕೂಡಿಕೆಗಳಲ್ಲಿ ಬೀಗಗಳು, ಹಿಡಿಯಿಂದಲೇ ಎಲ್ಲ ಬೀಗಗಳನ್ನೂ ಒಮ್ಮೆಗೇ ಸಡಿಲಿಸುವ ಚಾಲಕ’ ಎಂಬಲ್ಲಿಗೆ ಮೊದಲ ಕ್ಲೇಮು ನಿಲ್ಲುತ್ತದೆ. ಕಾರ್ಬನ್ ಫೈಬರ್, ತಿರುಪು, ತಂತಿ ಇವೆಲ್ಲ ಅದನ್ನು ಅವಲಂಬಿಸಿದ ಎರಡನೆಯ, ಮೂರನೆಯ, ನಾಲ್ಕನೆಯ ಕ್ಲೇಮುಗಳಿಗೆ ಹೋಗುತ್ತವೆ. ಮೊದಲನೆಯದು ಕೈತಪ್ಪಿದರೆ ಹಿಡಿದುಕೊಳ್ಳಲು ಅವಿರುತ್ತವೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಕಂಪ್ರೈಸಿಂಗ್’ ಎಂದರೆ ‘ಇವು ಇರಬೇಕು, ಬೇರೆಯವೂ ಇರಬಹುದು’ ಎಂದಾಗುತ್ತದೆ. ‘ಕನ್ಸಿಸ್ಟಿಂಗ್ ಆಫ್’ ಎಂದರೆ ‘ಇವು ಮಾತ್ರ’. ಒಂದು ಪದ ಅದಲುಬದಲಾದರೆ ಇಡೀ ಬೇಲಿಯೇ ಜಾರುತ್ತದೆ.

ಇದು ಕಲ್ಪಿತ ಉದಾಹರಣೆ. ನಿಜವಾದದ್ದು ಬೇಕೆಂದರೆ ಬಜಾಜ್ ಮತ್ತು ಟಿವಿಎಸ್ ನಡುವೆ 2007ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಶುರುವಾದ ವ್ಯಾಜ್ಯವನ್ನು ಓದಬೇಕು. ಸಣ್ಣ ಎಂಜಿನ್‌ನಲ್ಲಿ ಎರಡು ಸ್ಪಾರ್ಕ್ ಪ್ಲಗ್ ಬಳಸುವ ತಂತ್ರಕ್ಕೆ ಬಜಾಜ್ ಪೇಟೆಂಟ್ ಹೊಂದಿತ್ತು. ಅದರ ಕ್ಲೇಮಿನಲ್ಲಿ ಸಿಲಿಂಡರಿಗೆ ಎರಡು ವಾಲ್ವ್ ಎಂದಿತ್ತು. ಟಿವಿಎಸ್ ಎಂಜಿನ್‌ನಲ್ಲಿ ಮೂರು ವಾಲ್ವ್ ಇದ್ದವು. ಆ ‘ಎರಡು’ ಎಂಬುದು ಆವಿಷ್ಕಾರದ ತಿರುಳೋ ಅಲ್ಲವೋ ಎಂಬುದೇ ವಾದದ ಒಂದು ಮುಖ್ಯ ಎಳೆಯಾಯಿತು. ಮೊದಲು ಸಿಕ್ಕಿದ ತಡೆಯಾಜ್ಞೆಯನ್ನು ವಿಭಾಗೀಯ ಪೀಠ 2009ರಲ್ಲಿ ತೆರವು ಮಾಡಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಇಂಥ ವ್ಯಾಜ್ಯಗಳನ್ನು ವಿಚಾರಣಾ ನ್ಯಾಯಾಲಯಗಳು ನಾಲ್ಕು ತಿಂಗಳೊಳಗೆ ಮುಗಿಸಬೇಕು ಎಂದಿತು. ಮೆಕ್ಯಾನಿಕಲ್ ಓದಿದವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದರ ಜೊತೆಗೆ 1978ರ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಂ ಪ್ರಕರಣದ ತೀರ್ಪನ್ನೂ ಓದಬೇಕು. ಲೇತಿನಲ್ಲಿ ಪಾತ್ರೆ ಹಿಡಿದಿಡುವ ಸಾಧನಕ್ಕೆ ಸಿಕ್ಕಿದ್ದ ಪೇಟೆಂಟು ಅಲ್ಲಿ ಬಿತ್ತು. ಕಾರ್ಖಾನೆಯಲ್ಲಿ ಕೆಲಸ ಬಲ್ಲ ಯಾರು ಬೇಕಾದರೂ ಮಾಡಬಹುದಾದ ಸುಧಾರಣೆ ಆವಿಷ್ಕಾರವಲ್ಲ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಅರ್ಜಿಯ ಆಯುಸ್ಸು

ಏಜೆಂಟರ ದಿನಚರಿ ಗಡುವುಗಳ ಸುತ್ತ ತಿರುಗುತ್ತದೆ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೆ ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬೇಕು. 18 ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಪರಿಶೀಲನೆಗೆ ಬೇಡಿಕೆ ಸಲ್ಲಿಸಲು ಮೊದಲು 48 ತಿಂಗಳಿತ್ತು. 2024ರ ಮಾರ್ಚ್‌ನ ತಿದ್ದುಪಡಿ ಅದನ್ನು 31 ತಿಂಗಳಿಗೆ ಇಳಿಸಿತು. ಕಚೇರಿಯ ಮೊದಲ ಪರಿಶೀಲನಾ ವರದಿ ಬಂದ ಆರು ತಿಂಗಳೊಳಗೆ ಉತ್ತರಿಸಬೇಕು. ಕೇಳಿಕೊಂಡರೆ ಇನ್ನು ಮೂರು ತಿಂಗಳು ಸಿಗುತ್ತದೆ. ಅದೂ ತಪ್ಪಿದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ.

ಮೊದಲ ಪರಿಶೀಲನಾ ವರದಿಗೆ ಉತ್ತರ ಬರೆಯುವಾಗಲೇ ಎಂಜಿನಿಯರಿಗೆ ತನ್ನ ಓದು ವ್ಯರ್ಥವಾಗಲಿಲ್ಲ ಎನಿಸುವುದು. ಪರೀಕ್ಷಕರು ಮೂರು ಹಳೆಯ ದಾಖಲೆ ತೋರಿಸಿ, ಇವನ್ನು ಕೂಡಿಸಿದರೆ ನಿಮ್ಮ ಆವಿಷ್ಕಾರ ಸಿಗುತ್ತದೆ ಎಂದು ಬರೆದಿರುತ್ತಾರೆ. ಕೂಡಿಸಲು ಆಗುವುದಿಲ್ಲ, ಕೂಡಿಸಿದರೂ ಈ ಫಲ ಬರುವುದಿಲ್ಲ ಎಂದು ತಾಂತ್ರಿಕವಾಗಿ ತೋರಿಸಬೇಕು. ಇದರ ಜೊತೆಗೆ 3ನೇ ಸೆಕ್ಷನ್ ಇದೆ. ಯಾವುದು ಆವಿಷ್ಕಾರವಲ್ಲ ಎಂದು ಅದು ಪಟ್ಟಿ ಮಾಡುತ್ತದೆ. ಸಾಫ್ಟ್‌ವೇರ್ ಹಿನ್ನೆಲೆಯವರು ‘3(ಕೆ)’ಯನ್ನು ಕರತಲಾಮಲಕ ಮಾಡಿಕೊಳ್ಳಬೇಕು: ಕಂಪ್ಯೂಟರ್ ಪ್ರೋಗ್ರಾಂ ತಾನೊಂದೇ ಆಗಿ, ಅಲ್ಗಾರಿದಂ, ಗಣಿತ ಮತ್ತು ವ್ಯವಹಾರ ವಿಧಾನಗಳಿಗೆ ಪೇಟೆಂಟ್ ಇಲ್ಲ. ಔಷಧ ಕ್ಷೇತ್ರದವರಿಗೆ ‘3(ಡಿ)’ ಮುಖ್ಯ: ಗೊತ್ತಿರುವ ವಸ್ತುವಿನ ಹೊಸ ರೂಪ ಹೆಚ್ಚು ಪರಿಣಾಮಕಾರಿಯಲ್ಲದಿದ್ದರೆ ಅದು ಆವಿಷ್ಕಾರವಲ್ಲ. ಗ್ಲಿವೆಕ್ ಕ್ಯಾನ್ಸರ್ ಔಷಧದ ವಿಚಾರದಲ್ಲಿ ನೊವಾರ್ಟಿಸ್ ಕಂಪನಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಇದರ ಮೇಲೆಯೇ. ಯಂತ್ರಗಳ ಕ್ಷೇತ್ರದವರಿಗೆ ಎದುರಾಗುವುದು ‘3(ಎಫ್)’: ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಜೋಡಿಸಿದರೆ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ.

ಕಾನೂನು ಗೊತ್ತಿಲ್ಲದ ಎಂಜಿನಿಯರ್ ಹೊಸ ಕೆಲಸದಲ್ಲಿ ಎಡವುವ ಇನ್ನೊಂದು ಜಾಗ 39ನೇ ಸೆಕ್ಷನ್. ಭಾರತದಲ್ಲಿ ನೆಲೆಸಿರುವವರು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯದೆ, ಅಥವಾ ಮುಂಚಿತವಾಗಿ ಅನುಮತಿ ಪಡೆಯದೆ, ವಿದೇಶದಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸುವಂತಿಲ್ಲ. ಅಮೆರಿಕದ ಮಾತೃಸಂಸ್ಥೆಯೊಂದಿಗೆ ದಿನವೂ ಕೆಲಸ ಮಾಡುವ ಬೆಂಗಳೂರಿನ ತಂಡಗಳಲ್ಲಿ ಇದನ್ನು ಮರೆಯುವುದು ಸುಲಭ. ಮರೆತರೆ ಭಾರತದ ಅರ್ಜಿ ಕಳೆದುಕೊಳ್ಳುವುದಲ್ಲದೆ ಜೈಲು ಶಿಕ್ಷೆಗೂ ಅವಕಾಶವಿದೆ.

ಪರೀಕ್ಷೆ ಮತ್ತು ತಯಾರಿ

ಅರ್ಹತಾ ಪರೀಕ್ಷೆಯಲ್ಲಿ ಎರಡು ಲಿಖಿತ ಪತ್ರಿಕೆಗಳು, ಒಂದು ಮೌಖಿಕ. ಮೊದಲ ಪತ್ರಿಕೆ ಕಾಯ್ದೆ ಮತ್ತು 2003ರ ನಿಯಮಗಳ ಮೇಲೆ, 100 ಅಂಕ. ಎರಡನೆಯದು ವಿವರಣೆ ಬರೆಯುವುದು ಮತ್ತು ಅರ್ಥೈಸುವುದರ ಮೇಲೆ, 100 ಅಂಕ. ಮೌಖಿಕಕ್ಕೆ 50. ಲಿಖಿತ ಪತ್ರಿಕೆಗಳಲ್ಲಿ ತಲಾ 50 ಅಂಕವಾದರೂ ಬರಬೇಕು, ಒಟ್ಟಾರೆ ಶೇ 60 ಆದರೂ ಇರಬೇಕು. ಪರೀಕ್ಷೆ ಪ್ರತಿವರ್ಷ ನಡೆಯುವುದಿಲ್ಲ; 2018ರ ಪರೀಕ್ಷೆಯ ನಂತರ ಹಲವು ವರ್ಷ ಕಾದವರಿದ್ದಾರೆ. ಅಧಿಸೂಚನೆ ಬಂದ ಮೇಲೆ ಓದೋಣ ಎನ್ನುವವರಿಗೆ ಸಮಯ ಸಾಲದು. ಕೆಲಸದ ಜೊತೆ ಓದುವವರು ಕನಿಷ್ಠ ಆರು ತಿಂಗಳು ಮೀಸಲಿಡಬೇಕು.

ಮೊದಲ ಪತ್ರಿಕೆಗೆ ಮೂಲ ಕಾಯ್ದೆಯನ್ನೇ ಓದಬೇಕು, ಗೈಡುಗಳನ್ನಲ್ಲ. ಸೆಕ್ಷನ್, ಅದಕ್ಕೆ ಹೊಂದುವ ನಿಯಮ, ಬೇಕಾದ ಫಾರಂ, ಗಡುವು ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತ ಹೋದರೆ ಕಾಯ್ದೆ ಒಂದು ಯಂತ್ರದ ನಕ್ಷೆಯಂತೆ ಕಾಣತೊಡಗುತ್ತದೆ. ಪೇಟೆಂಟ್ ಕಚೇರಿಯೇ ಪ್ರಕಟಿಸಿರುವ ಕಾರ್ಯವಿಧಾನದ ಕೈಪಿಡಿ ಉಚಿತವಾಗಿ ಸಿಗುತ್ತದೆ. ಎಂಜಿನಿಯರುಗಳು ಹೆಚ್ಚು ಹೆದರುವುದು ಈ ಪತ್ರಿಕೆಗೆ. ಆದರೆ ಎಡವುವುದು ಸಾಮಾನ್ಯವಾಗಿ ಎರಡನೆಯದರಲ್ಲಿ, ಬರೆಯುವ ಅಭ್ಯಾಸ ಇಲ್ಲದ ಕಾರಣಕ್ಕೆ. ಇದಕ್ಕೆ ಮನೆಯಲ್ಲೇ ಮದ್ದಿದೆ. ತುರಿಮಣೆ, ಕುಕ್ಕರಿನ ಗ್ಯಾಸ್ಕೆಟ್, ಸ್ಕೂಟರಿನ ಸ್ಟ್ಯಾಂಡ್, ಯಾವುದಾದರೂ ಸರಿ, ಅದು ಇನ್ನೂ ಹುಟ್ಟಿಲ್ಲವೆಂದು ಊಹಿಸಿ ದಿನಕ್ಕೊಂದು ಕ್ಲೇಮು ಬರೆಯಬೇಕು. ಮರುದಿನ ಅದರಿಂದ ತಪ್ಪಿಸಿಕೊಳ್ಳುವ ಪ್ರತಿಸ್ಪರ್ಧಿಯಾಗಿ ಅದನ್ನೇ ಓದಬೇಕು. ತೇರ್ಗಡೆಯಾದವರು 22ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಹೆಸರು ಪಟ್ಟಿಯಲ್ಲಿ ಉಳಿಯಲು ಶುಲ್ಕ ಕಟ್ಟುತ್ತಿರಬೇಕು.

ಲಾ ಕಾಲೇಜಿಗೆ ಹೋಗಬೇಕೆಂದಿರುವವರಿಗೆ ಕರ್ನಾಟಕದಲ್ಲಿ ಆಯ್ಕೆಗಳು ಸಾಕಷ್ಟಿವೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಜಿಲ್ಲೆಗಳಲ್ಲೆಲ್ಲ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಿಂದ ಪದವೀಧರರಿಗೆ ಮೂರು ವರ್ಷದ ಕೋರ್ಸ್ ಶುರುಮಾಡಿದೆ, ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ಎಂಜಿನಿಯರಿಂಗ್ ಮತ್ತು ವಿಜ್ಞಾನ ಓದಿದವರಿಗೆಂದೇ ರೂಪಿಸಿದ್ದು ಐಐಟಿ ಖರಗ್‌ಪುರದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ಕಾನೂನು ಶಾಲೆ, 2006ರಲ್ಲಿ ಆರಂಭವಾದದ್ದು. ಒಂದು ಮಾತು ನೆನಪಿರಲಿ: ಅಂಚೆ ತೆರಪಿನ ಕಾನೂನು ಪದವಿಗೆ ವಕೀಲಿ ಸನ್ನದು ಸಿಗುವುದಿಲ್ಲ. ಸನ್ನದು ಪಡೆದ ಮೇಲೆ ಕಂಪನಿಯಲ್ಲಿ ಪೂರ್ಣಾವಧಿ ಸಂಬಳದ ಕೆಲಸ ಹಿಡಿದರೆ ವಕೀಲಿಕೆ ಮುಂದುವರಿಸುವಂತಿಲ್ಲ. ಕೆಲಸ ಬಿಡದೆ ವಿಷಯ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಬೌದ್ಧಿಕ ಆಸ್ತಿ ಡಿಪ್ಲೊಮಾ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ಆನ್‌ಲೈನ್ ಪರಿಚಯ ಕೋರ್ಸ್ ಇವೆ. ಅವು ತಿಳಿವಳಿಕೆ ಕೊಡುತ್ತವೆ, ಹಕ್ಕು ಕೊಡುವುದಿಲ್ಲ.

ಸರ್ಕಾರಿ ಕೆಲಸ ಬೇಕೆನ್ನುವವರಿಗೆ ಪೇಟೆಂಟ್ ಪರೀಕ್ಷಕರ ಹುದ್ದೆ ಇದೆ. ಇದು ಗ್ರೂಪ್ ‘ಎ’ ಹುದ್ದೆ, ಮೂಲವೇತನ 56,100 ರೂಪಾಯಿಯಿಂದ ಶುರು. 2023ರಲ್ಲಿ 553 ಹುದ್ದೆಗಳಿಗೆ ನೇಮಕಾತಿ ಕರೆದಿದ್ದರು, ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 35. ಕಚೇರಿಗಳಿರುವುದು ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಮಾತ್ರ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈಗೆ. ಅಮೆರಿಕದಲ್ಲಿರುವ ಕನ್ನಡಿಗ ಎಂಜಿನಿಯರುಗಳಿಗೂ ಇದೇ ಬಗೆಯ ದಾರಿ ಉಂಟು: ಅಲ್ಲಿಯ ಪೇಟೆಂಟ್ ಕಚೇರಿಯ ಪರೀಕ್ಷೆ ಬರೆಯಲು ತಾಂತ್ರಿಕ ಹಿನ್ನೆಲೆ ಬೇಕು, ಕಾನೂನು ಪದವಿ ಬೇಡ. ವೀಸಾದ ಮೇಲೆ ಕೆಲಸ ಮಾಡುವವರಿಗೆ ಸೀಮಿತ ಮಾನ್ಯತೆ ಮಾತ್ರ ಸಿಗುತ್ತದೆ.

ಕೆಲಸ ಬಿಡುವ ಮುನ್ನ

ರಾಜೀನಾಮೆ ಕೊಡುವುದು ಕೊನೆಯ ಹೆಜ್ಜೆಯಾಗಬೇಕು. ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ಆವಿಷ್ಕಾರಗಳನ್ನು ಆಯ್ದು ಪೇಟೆಂಟಿಗೆ ಕಳಿಸುವ ಸಮಿತಿ ಇರುತ್ತದೆ. ಅದಕ್ಕೆ ಸಹೋದ್ಯೋಗಿಗಳ ಆವಿಷ್ಕಾರ ವಿವರಗಳನ್ನು ಬರೆದುಕೊಡಲು ಮುಂದಾದರೆ ಸಂಬಳ ಪಡೆಯುತ್ತಲೇ ಕಸುಬಿನ ಪರಿಚಯವಾಗುತ್ತದೆ. ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್, ಭಾರತದ ಕಚೇರಿಯ ಇನ್‌ಪಾಸ್ ಇವು ಎಲ್ಲರಿಗೂ ಮುಕ್ತ. ಬರೀ ಪದ ಹಾಕಿ ಹುಡುಕುವುದರ ಬದಲು ಅಂತರರಾಷ್ಟ್ರೀಯ ವರ್ಗೀಕರಣ ಸಂಖ್ಯೆ ಹಿಡಿದು ಹುಡುಕಲು ಕಲಿಯಬೇಕು. ಹಣ್ಣು ಕೊಯ್ಯುವ ಸಾಧನಗಳೆಲ್ಲ ‘ಎ01ಡಿ 46’ರ ಅಡಿ ಸೇರಿರುತ್ತವೆ ಎಂದು ಗೊತ್ತಿದ್ದರೆ ದೋಟಿಯ ಜಪಾನಿ ಸೋದರನೂ ಸಿಗುತ್ತಾನೆ. ಬೆಂಗಳೂರಿನಲ್ಲಿ ಹೊಸಬರಿಗೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಇಂಥ ಹುಡುಕಾಟದ್ದೇ. ಅಲ್ಲಿ ಒಂದೆರಡು ವರ್ಷ ಕಳೆಯುವುದು ತಪ್ಪಲ್ಲ, ಅಲ್ಲೇ ನಿಂತುಬಿಡುವುದು ತಪ್ಪು. ಕರಡು ಬರೆಯಲು ಬಿಡುವ, ಬರೆದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುವ ಹಿರಿಯರಿರುವ ಕಚೇರಿಯನ್ನು ಆರಿಸಬೇಕು. ಶುರುವಿನಲ್ಲಿ ಸಾಫ್ಟ್‌ವೇರ್ ಸಂಬಳಕ್ಕಿಂತ ಕಡಿಮೆ ಸಿಕ್ಕರೂ ಆ ತಿದ್ದುಪಡಿಗಳ ಬೆಲೆ ದೊಡ್ಡದು. ಹಳೆಯ ಕಂಪನಿಯ ಗುಟ್ಟುಗಳನ್ನು ಹೊಸ ಕೆಲಸಕ್ಕೆ ಒಯ್ಯಕೂಡದು; ಬಿಡುವ ಮುನ್ನ ಒಪ್ಪಂದದ ಗೌಪ್ಯತೆಯ ಷರತ್ತನ್ನು ಓದಬೇಕು.

ಎಲ್ಲ ಎಂಜಿನಿಯರುಗಳಿಗೂ ಇದು ಹೊಂದುವುದಿಲ್ಲ. ಕೈಯಾರೆ ಕಟ್ಟಿದ್ದು ಓಡುವುದನ್ನು ನೋಡಿದರೆ ಮಾತ್ರ ಸಮಾಧಾನ ಎನ್ನುವವರಿಗೆ ದಿನವಿಡೀ ಬೇರೆಯವರ ಆವಿಷ್ಕಾರ ಓದುವುದು ಬೇಸರ ತರಿಸುತ್ತದೆ. ಒಂದು ಅಲ್ಪವಿರಾಮಕ್ಕಾಗಿ ಅರ್ಧ ಗಂಟೆ ಯೋಚಿಸಲು ಬೇಸರಪಡದವರು ಇಲ್ಲಿ ಬಾಳುತ್ತಾರೆ.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಹೆಚ್ಚಿನ ಕೆಲಸ ಕಾದಿದೆ. ಪೇಟೆಂಟ್ ಅರ್ಜಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಸಲ್ಲಿಸಬೇಕು. ತೋಟದ ಮನೆಯಲ್ಲಿ ದೋಟಿ ಸುಧಾರಿಸಿದವರು, ಪೀಣ್ಯದ ವರ್ಕ್‌ಶಾಪಿನಲ್ಲಿ ಹೊಸ ಜಿಗ್ ಮಾಡಿದವರು ಅದನ್ನು ವಿವರಿಸುವುದು ಕನ್ನಡದಲ್ಲಿ. ಒಬ್ಬ ವ್ಯಕ್ತಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ ಮಾತ್ರ. ಅವರನ್ನು ತಡೆಯುವುದು ಆ ಶುಲ್ಕವಲ್ಲ, ಕೂತು ಕೇಳಿಸಿಕೊಳ್ಳುವವರ ಕೊರತೆ. ಅರ್ಜಿ ಹಾಕುವ ಮೊದಲೇ ಯಂತ್ರವನ್ನು ಕೃಷಿ ಮೇಳದಲ್ಲಿ ತೋರಿಸಿದರೆ ಹೊಸತನ ಹೋಗುತ್ತದೆ; ಸರ್ಕಾರ ಇದಕ್ಕೆಂದು ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ರಿಯಾಯಿತಿ. ‘ಮೊದಲು ಅರ್ಜಿ, ಆಮೇಲೆ ಮೇಳ’ ಎಂದು ಅವರಿಗೆ ಕನ್ನಡದಲ್ಲಿ, ಸಮಯಕ್ಕೆ ಸರಿಯಾಗಿ ಹೇಳಬಲ್ಲ ಏಜೆಂಟರು ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ಬೇಕಾಗಿದ್ದಾರೆ.